52 ಕಂತುಗಳ ಕಥೆ 25ಕ್ಕೆ ನಿಂತಾಗ

ಕಾವ್ಯದ ಗಾತ್ರವನ್ನು ಕುರಿತು ಕನ್ನಡ ತರಗತಿಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಕವಿಯ ಇಚ್ಛೆಯನ್ನೇ ಆಧರಿಸಿರುತ್ತದೆ. ರನ್ನನು ಹತ್ತು ಆಶ್ವಾಸಗಳಲ್ಲಿ ಗದಾಯುದ್ಧವನ್ನು ಮುಗಿಸಿದ್ದು ಅವನ ಆಯ್ಕೆ. ಕುಮಾರವ್ಯಾಸನು ಹತ್ತು ಪರ್ವಗಳಿಗೆ, ದುರ್ಯೋಧನನ ಪತನದ ಆಸುಪಾಸಿಗೆ, ಲೇಖನಿಯನ್ನು ಕೆಳಗಿಟ್ಟಿದ್ದಕ್ಕೆ ವಿದ್ವಾಂಸರು ಹಲವು ಕಾರಣಗಳನ್ನು ಊಹಿಸಿದ್ದಾರಾದರೂ, ಯಾರೋ ಮೂರನೆಯವರು ಬಂದು ‘ಇಷ್ಟು ಸಾಕು, ನಿಲ್ಲಿಸು’ ಎಂದಿರಬಹುದೆಂದು ಹೇಳಿದವರು ವಿರಳ. ಆದರೆ ಕಥೆ ಹೇಳುವವನೊಬ್ಬ, ಅದರ ಉದ್ದವನ್ನು ತೀರ್ಮಾನಿಸುವವನು ಇನ್ನೊಬ್ಬ ಎಂಬ ಏರ್ಪಾಟು ಇಂದಿನ ಕಥನಲೋಕದಲ್ಲಿ ಸರ್ವೇಸಾಮಾನ್ಯ. ಅಂಥ ಏರ್ಪಾಟಿನಲ್ಲಿ ಕಥೆಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ಜಪಾನಿನ ಅನಿಮೆ ಧಾರಾವಾಹಿಯೊಂದು ಒಳ್ಳೆಯ ನಿದರ್ಶನ. ಮೊಬೈಲಿನಲ್ಲಿ ಅನಿಮೆ ನೋಡುವ ವಿದ್ಯಾರ್ಥಿಗಳು ಈಗ ಪ್ರತಿ ತರಗತಿಯಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಹುಟ್ಟುವುದಕ್ಕೆ ಎರಡು ದಶಕಗಳಿಗೂ ಹಿಂದೆ ಪ್ರಸಾರವಾಗಿ ಮುಗಿದ ಮಾಲಿಕೆಯಿದು: ‘ಬಾಹ್ಯಾಕಾಶ ಯುದ್ಧನೌಕೆ ಯಮಾಟೊ’ದ ಮೂರನೆಯ ಭಾಗ.

ಮೊದಲು ಲೆಕ್ಕಾಚಾರವನ್ನು ಅರಿಯಬೇಕು. ಜಪಾನಿನ ದೂರದರ್ಶನದಲ್ಲಿ ವರ್ಷವನ್ನು 13 ವಾರಗಳ ನಾಲ್ಕು ಪಾಲುಗಳಾಗಿ ಒಡೆಯುವ ರೂಢಿಯಿದೆ. ಒಂದೊಂದು ಪಾಲಿಗೆ ‘ಕೂರ್’ ಎಂದು ಹೆಸರು. ವಾಹಿನಿಯ ವೇಳಾಪಟ್ಟಿ ಬದಲಾಗುವುದೂ ಪ್ರಾಯೋಜಕರ ಒಪ್ಪಂದ ನವೀಕರಣಗೊಳ್ಳುವುದೂ ಈ ಪಾಲುಗಳ ಗಡಿಯಲ್ಲೇ. ಆದ್ದರಿಂದ ವಾರಕ್ಕೊಂದು ಕಂತಿನ ಧಾರಾವಾಹಿ ಸುಮಾರಾಗಿ 13, 26, 39 ಅಥವಾ 52 ಕಂತುಗಳದ್ದಾಗಿರುತ್ತದೆ. ಕಥೆಯ ಒಳಗಿನ ಯಾವ ಅಗತ್ಯದಿಂದಲೂ ಹುಟ್ಟಿದ ಸಂಖ್ಯೆಗಳಲ್ಲ ಇವು. ಷಟ್ಪದಿಗೆ ಆರು ಸಾಲು ಇದ್ದಂತೆ ಇವೂ ಒಂದು ಬಗೆಯ ಛಂದಸ್ಸು ಎನ್ನಬಹುದಿತ್ತು. ಆದರೆ ಪದ್ಯವನ್ನು ಬರೆಯುತ್ತಿರುವಾಗ ನಾಲ್ಕನೆಯ ಸಾಲಿನ ಹೊತ್ತಿಗೆ ಯಾರೂ ಬಂದು ಛಂದಸ್ಸನ್ನು ಬದಲಿಸುವುದಿಲ್ಲ.

ಯಮಾಟೊದ ಮೊದಲ ಮಾಲಿಕೆಗೆ ಆದದ್ದು ಅದೇ. 1974ರ ಅಕ್ಟೋಬರ್ 6ರಂದು ಅದು ಪ್ರಸಾರವಾಗತೊಡಗಿತು. ನಿರ್ಮಾಪಕ ನಿಶಿಝಾಕಿ ಯೋಶಿನೋಬು. ಕಲ್ಪನೆಗೂ ಚಿತ್ರಗಳಿಗೂ ರೂಪು ಕೊಟ್ಟವರಲ್ಲಿ ಮುಖ್ಯರು ಕಾಮಿಕ್ಸ್ ಕಲಾವಿದ ಮಾತ್ಸುಮೊಟೊ ಲೇಜಿ. ಕಥೆಯ ಹಂದರ ಸರಳ. 2199ನೆಯ ಇಸವಿ. ಗಮಿಲಾಸ್ ಎಂಬ ದೂರದ ಗ್ರಹದವರು ಭೂಮಿಯ ಮೇಲೆ ವಿಕಿರಣ ಸೂಸುವ ಬಾಂಬುಗಳನ್ನು ಸುರಿದು ಸಮುದ್ರಗಳನ್ನೇ ಬತ್ತಿಸಿದ್ದಾರೆ. ಮನುಷ್ಯರು ನೆಲದಡಿಯ ನಗರಗಳಲ್ಲಿ ಬದುಕುತ್ತಿದ್ದಾರೆ. ಉಳಿದಿರುವುದು ಒಂದೇ ವರ್ಷ. ಒಂದು ಲಕ್ಷ 48 ಸಾವಿರ ಜ್ಯೋತಿರ್ವರ್ಷಗಳಾಚೆಯ ಇಸ್ಕಂದರ್ ಗ್ರಹದ ರಾಣಿ ಸ್ಟಾರ್ಷಾ ವಿಕಿರಣವನ್ನು ತೊಳೆಯುವ ಯಂತ್ರವೊಂದನ್ನು ಕೊಡಲು ಸಿದ್ಧಳಿದ್ದಾಳೆ, ಬಂದು ಒಯ್ಯಬೇಕಷ್ಟೆ. 1945ರಲ್ಲಿ ಅಮೆರಿಕದ ವಿಮಾನಗಳ ದಾಳಿಗೆ ಮುಳುಗಿದ ಯಮಾಟೊ ಎಂಬ ನಿಜವಾದ ಯುದ್ಧನೌಕೆಯ ಅವಶೇಷದೊಳಗೆ ಹೊಸ ಅಂತರಿಕ್ಷ ನೌಕೆಯನ್ನು ಗುಟ್ಟಾಗಿ ಕಟ್ಟಿ, ಮುದುಕ ಕ್ಯಾಪ್ಟನ್ ಓಕಿತಾನ ನೇತೃತ್ವದಲ್ಲಿ ತರುಣರ ಪಡೆಯೊಂದು ಹೊರಡುತ್ತದೆ. ಪ್ರತಿ ಕಂತಿನ ಕೊನೆಗೂ ಭೂಮಿಯ ಆಯುಸ್ಸಿನಲ್ಲಿ ಇನ್ನೆಷ್ಟು ದಿನ ಬಾಕಿಯೆಂದು ಪರದೆಯ ಮೇಲೆ ಎಣಿಸಿ ತೋರಿಸುತ್ತಿದ್ದರು.

ಭೂಮಿಯ ದಿನಗಳ ಜೊತೆಗೆ ಧಾರಾವಾಹಿಯ ದಿನಗಳೂ ಎಣಿಕೆಗೆ ಬಿದ್ದವು. ಒಂದು ವರ್ಷದ ಪಯಣವನ್ನು ಒಂದು ವರ್ಷದ ಪ್ರಸಾರದಲ್ಲಿ ಹೇಳುವ ಆಲೋಚನೆಯಿಂದ ಹೊರಟು ಯೋಜನೆ 39 ಕಂತುಗಳಿಗೆ ಇಳಿದಿತ್ತು. ಕೊನೆಗೆ ದಕ್ಕಿದ್ದು 26. ನೋಡುಗರ ಸಂಖ್ಯೆ ಕಡಿಮೆಯಿತ್ತು. ಭಾನುವಾರ ಸಂಜೆ ಅದೇ ಹೊತ್ತಿಗೆ ಇನ್ನೊಂದು ವಾಹಿನಿಯಲ್ಲಿ ತಾಕಾಹಾತಾ ಇಸಾವೊ ನಿರ್ದೇಶಿಸಿದ ‘ಹೈಡಿ’ ಪ್ರಸಾರವಾಗುತ್ತಿತ್ತು. ಆಲ್ಪ್ಸ್ ಬೆಟ್ಟದ ತಪ್ಪಲಿನಲ್ಲಿ ಆಡು ಮೇಯಿಸುವ ಹುಡುಗನೊಡನೆ ಕುಣಿಯುವ ಪುಟ್ಟ ಹುಡುಗಿಯೊಬ್ಬಳು ಇಡೀ ಯುದ್ಧನೌಕೆಯನ್ನು ಸೋಲಿಸಿದಳು. ಹೈಡಿಗೆ ಮಾತ್ರ ಪೂರ್ತಿ 52 ಕಂತುಗಳು ಸಿಕ್ಕಿದ್ದವು ಎಂಬುದನ್ನೂ ಇಲ್ಲಿ ನೆನೆಯಬೇಕು.

39ರ ಯೋಜನೆಯಿಂದ 26ಕ್ಕೆ ಇಳಿದಾಗ ಕಳೆದುಹೋದದ್ದರಲ್ಲಿ ಒಬ್ಬ ಮನುಷ್ಯನೇ ಇದ್ದ. ಕಥಾನಾಯಕ ಕೊಡಾಯಿ ಸುಸುಮುವಿನ ಅಣ್ಣ ಮಾಮೊರು ಮೊದಲ ಕಂತಿನಲ್ಲೇ ಯುದ್ಧದಲ್ಲಿ ಸತ್ತನೆಂದು ಭಾವಿಸಲಾಗುತ್ತದೆ. ಮೂಲ ಯೋಜನೆಯಂತೆ ಅವನು ಬದುಕಿ, ಕ್ಯಾಪ್ಟನ್ ಹಾರ್ಲಾಕ್ ಎಂಬ ಅಂತರಿಕ್ಷದ ಕಡಲುಗಳ್ಳನ ವೇಷದಲ್ಲಿ ನಡುದಾರಿಯಲ್ಲಿ ಎದುರಾಗಬೇಕಿತ್ತು. ಕಂತುಗಳು ಹೋದವು, ಹಾರ್ಲಾಕನೂ ಹೋದ. ಪ್ರಸಾರವಾದ ಕಥೆಯಲ್ಲಿ ಅಣ್ಣ ಇಸ್ಕಂದರ್ ಗ್ರಹದಲ್ಲಿ ಸುಮ್ಮನೆ ಸಿಗುತ್ತಾನೆ. ಆ ಹೆಸರು ಮಾತ್ರ ಮಾತ್ಸುಮೊಟೊ ಅವರ ಬಳಿ ಉಳಿದು, 1978ರಲ್ಲಿ ತನ್ನದೇ ಆದ ಬೇರೆ ಧಾರಾವಾಹಿಯಾಯಿತು. ಇನ್ನೊಂದು ಕಡಿತ ಇದಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವಂಥದು. ಹೋಗುವ ದಾರಿಗೆ 24 ಕಂತುಗಳನ್ನು ತೆಗೆದುಕೊಂಡ ನೌಕೆ ಅಷ್ಟೇ ದೂರವನ್ನು ಮರಳಿ ಬರುವುದು ಕೊನೆಯ ಒಂದೇ ಕಂತಿನಲ್ಲಿ. ವಿಚಿತ್ರವೆಂದರೆ ಈ ಅವಸರ ಕಥೆಗೆ ಒಗ್ಗಿತು. ಗಮಿಲಾಸ್ ಗ್ರಹದ ನಾಶಕ್ಕೆ ತಾವೇ ಕಾರಣರಾದದ್ದನ್ನು ಕಂಡು ಕುಸಿದ ತರುಣರಿಗೆ ಆಮೇಲೆ ದಾರಿಯಲ್ಲಿ ಸಾಹಸ ಮಾಡುವ ಮನಸ್ಸು ಎಲ್ಲಿತ್ತು? ಮನೆಗೆ ಮರಳುವ ದಾರಿ ಚಿಕ್ಕದಾಗಿದ್ದರೆ ಯಾರೂ ದೂರುವುದಿಲ್ಲ. ಓಕಿತಾ ಭೂಮಿಯನ್ನು ಕಿಟಕಿಯಿಂದ ಕಂಡು ಕಣ್ಣುಮುಚ್ಚುವ ದೃಶ್ಯಕ್ಕೆ ಅದಕ್ಕಿಂತ ಹೆಚ್ಚಿನ ಪೀಠಿಕೆ ಬೇಕಿರಲಿಲ್ಲ. ಅದಕ್ಕೆ ಬೇಕಾದ ಸಮಯವನ್ನು ಹಿಂದಿನ 24 ಕಂತುಗಳೇ ಕೊಟ್ಟಿದ್ದವು.

ಹಾಗಾಗಿ ಕಡಿತವೆಂದರೆ ಯಾವಾಗಲೂ ಕೇಡು ಎಂದು ಹೇಳಿಬಿಡುವುದು ಸರಿಯಾಗದು. 1979ರಲ್ಲಿ ಆರಂಭವಾದ ‘ಗಂಡಮ್’ ಕೂಡ 52 ಕಂತುಗಳಿಗೆಂದು ಹೊರಟು 43ಕ್ಕೆ ನಿಂತಿತು. ನಿರ್ದೇಶಕ ತೊಮಿನೊ ಯೋಶಿಯುಕಿ ಉಳಿದ ಕಂತುಗಳಲ್ಲಿ ಕಥೆಯನ್ನು ಬಿಗಿಹಿಡಿದು ಮುಗಿಸಿದ ರೀತಿಯನ್ನು ಇಂದಿಗೂ ಮೆಚ್ಚುವವರಿದ್ದಾರೆ. ರನ್ನನ ಸಿಂಹಾವಲೋಕನ ಕ್ರಮವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಒಂದು ಗದಾಯುದ್ಧದ ಮುಂದೆ ನಿಂತು ಇಡೀ ಭಾರತವನ್ನು ಹಿಂತಿರುಗಿ ನೋಡಬಹುದೆಂದು ಅವನು ತೋರಿಸಿಕೊಟ್ಟಿದ್ದಾನೆ. ಆದರೆ ರನ್ನನಿಗೆ ತಾನು ಎಲ್ಲಿ ನಿಂತಿದ್ದೇನೆ, ಎಷ್ಟು ಹೇಳಬೇಕು ಎಂಬುದು ಮೊದಲ ಪದ್ಯಕ್ಕೆ ಮುಂಚೆಯೇ ಗೊತ್ತಿತ್ತು. ಯಮಾಟೊದ ಮೂರನೆಯ ಮಾಲಿಕೆಗೆ ಆ ಭಾಗ್ಯವಿರಲಿಲ್ಲ.

ಅಲ್ಲಿಗೆ ಬರುವ ಮುನ್ನ ನಡುವೆ ನಡೆದ ಇನ್ನೊಂದು ಸಂಗತಿಯನ್ನು ಹೇಳಬೇಕು. ಅದು ಕಡಿತಕ್ಕೆ ನೇರ ವಿರುದ್ಧವಾದದ್ದು. ಮರುಪ್ರಸಾರಗಳಲ್ಲಿ ಮೊದಲ ಮಾಲಿಕೆಗೆ ಅನಿರೀಕ್ಷಿತವಾಗಿ ಅಭಿಮಾನಿಗಳು ಹುಟ್ಟಿಕೊಂಡರು. 1977ರ ಆಗಸ್ಟಿನಲ್ಲಿ ಆ ಕಂತುಗಳನ್ನೇ ಸಂಕಲಿಸಿ ತೆಗೆದ ಚಲನಚಿತ್ರಕ್ಕೆ ತರುಣರು ಚಿತ್ರಮಂದಿರಗಳ ಮುಂದೆ ಸಾಲುಗಟ್ಟಿದರು. ಮುಂದಿನ ವರ್ಷ, 1978ರ ಆಗಸ್ಟ್ 5ರಂದು, ‘ವಿದಾಯ ಯಮಾಟೊ’ ಎಂಬ ಹೊಸ ಚಿತ್ರ ಬಂತು. ಅದರಲ್ಲಿ ನೌಕೆಯ ಸಿಬ್ಬಂದಿಯಲ್ಲಿ ಬಹುತೇಕ ಎಲ್ಲರೂ ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊನೆಗೆ ಕೊಡಾಯಿ ತನ್ನ ಪ್ರೇಯಸಿ ಯೂಕಿಯ ಶವವನ್ನು ಪಕ್ಕದಲ್ಲಿರಿಸಿಕೊಂಡು, ನೌಕೆಯನ್ನು ಶತ್ರುವಿನ ದೈತ್ಯ ಹಡಗಿನತ್ತ ನಡೆಸುತ್ತಾನೆ. ದೂರದಲ್ಲಿ ಒಂದು ಬೆಳಕು. ಆಮೇಲೆ ಯಮಾಟೊ ಇನ್ನೆಂದೂ ಕಾಣಿಸಿಕೊಳ್ಳುವುದಿಲ್ಲವೆಂಬ ಅರ್ಥದ ಬರಹ ಪರದೆಯ ಮೇಲೆ. ಚಿತ್ರಮಂದಿರಗಳಲ್ಲಿ ಹುಡುಗ ಹುಡುಗಿಯರು ಬಿಕ್ಕಿ ಅತ್ತರು.

ಆ ಬರಹದ ಮಾತು ಮೂರು ತಿಂಗಳೂ ಸರಿಯಾಗಿ ಉಳಿಯಲಿಲ್ಲವೆನ್ನಬೇಕು. ಅಕ್ಟೋಬರ್ 14ರಂದು ‘ಯಮಾಟೊ 2’ ಎಂಬ ಧಾರಾವಾಹಿ ಆರಂಭವಾಯಿತು. ಅದೇ ಶತ್ರು, ಅದೇ ಯುದ್ಧ. ಎರಡೂವರೆ ಗಂಟೆಯ ಚಿತ್ರ 26 ಕಂತುಗಳಿಗೆ ಹಿಗ್ಗಿತು. ಆದರೆ ಈ ಸಲದ ಅಂತ್ಯದಲ್ಲಿ ಕೊಡಾಯಿ ಬದುಕುತ್ತಾನೆ, ಯೂಕಿಯೂ ಬದುಕುತ್ತಾಳೆ. ಚಿತ್ರದಲ್ಲಿ ಸತ್ತ ಗಮಿಲಾಸದ ನಾಯಕ ಡೆಸ್ಲರ್ ಕೂಡ ಉಳಿದುಕೊಳ್ಳುತ್ತಾನೆ. ಟೆರೆಸಾ ಎಂಬ ಅನ್ಯಲೋಕದ ಹೆಣ್ಣೊಬ್ಬಳು ಎಲ್ಲರ ಪರವಾಗಿ ತನ್ನನ್ನು ತೆತ್ತುಕೊಳ್ಳುತ್ತಾಳೆ. ತರುಣರನ್ನು ಸಾವಿಗೆ ಕಳಿಸುವ ಅಂತ್ಯ ಮಾತ್ಸುಮೊಟೊ ಅವರಿಗೆ ಮೊದಲಿಂದಲೂ ಒಪ್ಪಿಗೆಯಿರಲಿಲ್ಲ. 1945ರಲ್ಲಿ ಮುಳುಗಿದ ನೌಕೆಯ ಹೆಸರಿಟ್ಟುಕೊಂಡ ಕಥೆಯೊಂದು ಮತ್ತೆ ಆತ್ಮಾಹುತಿಯಲ್ಲೇ ಕೊನೆಗೊಳ್ಳುವುದು ಆ ತಲೆಮಾರಿನವರಿಗೆ ಎಷ್ಟು ಕಷ್ಟದ ವಿಷಯವಾಗಿದ್ದೀತು ಎಂಬುದನ್ನು ಊಹಿಸುವುದು ಕಠಿಣವಲ್ಲ. ಆದ್ದರಿಂದ ಎರಡನೆಯ ಅಂತ್ಯ ಕೇವಲ ವ್ಯಾಪಾರದ ತಂತ್ರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೂ ಆಗಸ್ಟಿನಲ್ಲಿ ಅತ್ತವರ ಅಳುವಿಗೆ ಅಕ್ಟೋಬರಿನಲ್ಲಿ ಏನು ಬೆಲೆ ಉಳಿಯಿತು ಎಂಬ ಪ್ರಶ್ನೆಯನ್ನು ಕೇಳದೆ ಬಿಡಲಾಗದು. ಮುಂದಿನ ಎಲ್ಲ ಯಮಾಟೊ ಕಥೆಗಳೂ ಈ ಬದುಕಿದ ಕೊಡಾಯಿಯ ಎಳೆಯನ್ನೇ ಹಿಡಿದು ಸಾಗಿದವು. 1983ರ ‘ಅಂತಿಮ ಯಮಾಟೊ’ದಲ್ಲಂತೂ ಮೊದಲ ಮಾಲಿಕೆಯಲ್ಲಿ ಅಷ್ಟು ಘನವಾಗಿ ಸತ್ತ ಓಕಿತಾನೇ ಎದ್ದು ಬರುತ್ತಾನೆ, ಅಂದು ಅವನು ಸತ್ತನೆಂದದ್ದು ವೈದ್ಯನ ತಪ್ಪು ತೀರ್ಮಾನವಂತೆ! ಆ ಪಾಪದ ವೈದ್ಯ ಸಾಕೆ ಕುಡಿಯುವ ಹವ್ಯಾಸವಿದ್ದವನೆಂಬುದು ನೋಡುಗರಿಗೆ ಒಂದು ಸಮಾಧಾನವಿರಬಹುದು.

ಇನ್ನು ಮೂರನೆಯ ಮಾಲಿಕೆ. ‘ಯಮಾಟೊ 3’ 1980ರ ಅಕ್ಟೋಬರ್ 11ರಂದು ಶುರುವಾಯಿತು. ಈ ಸಲ ನಿಜವಾಗಿಯೂ ಒಂದು ಪೂರ್ಣ ವರ್ಷ, 52 ಕಂತುಗಳು ಎಂಬ ಯೋಜನೆಯಿತ್ತು. ಅದಕ್ಕೆ ತಕ್ಕಂತೆ ಕಥೆಯ ಹರವನ್ನೂ ಹಿಗ್ಗಿಸಿಕೊಂಡಿದ್ದರು. ನಕ್ಷತ್ರಮಂಡಲದ ನಡುವೆ ಎರಡು ಮಹಾಶಕ್ತಿಗಳು ಯುದ್ಧ ಹೂಡಿವೆ: ಡೆಸ್ಲರ್ ಹೊಸದಾಗಿ ಕಟ್ಟಿದ ಗಾಲ್ಮನ್-ಗಮಿಲಾಸ್ ಸಾಮ್ರಾಜ್ಯ ಒಂದು ಕಡೆ, ಬೋಲಾರ್ ಒಕ್ಕೂಟ ಇನ್ನೊಂದು ಕಡೆ. 1980ರ ಜಗತ್ತಿನಲ್ಲಿ ಇಂಥ ಇಬ್ಬರು ಯಾರೆಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅವರ ಯುದ್ಧದಿಂದ ದಾರಿತಪ್ಪಿ ಬಂದ ಗ್ರಹನಾಶಕ ಕ್ಷಿಪಣಿಯೊಂದು ಸೂರ್ಯನಿಗೆ ಬಡಿಯುತ್ತದೆ. ಸೂರ್ಯನ ಒಳಗಿನ ಉರಿ ಹದ ತಪ್ಪಿ ಏರತೊಡಗುತ್ತದೆ. ಒಂದು ವರ್ಷದೊಳಗೆ ಭೂಮಿ ಬದುಕಲು ಯೋಗ್ಯವಾಗಿರುವುದಿಲ್ಲ. ಮೂರು ವರ್ಷಗಳಲ್ಲಿ ಸೂರ್ಯಮಂಡಲವೇ ಸಿಡಿದುಹೋಗುತ್ತದೆ. ಮನುಷ್ಯಕುಲಕ್ಕೆ ಎರಡನೆಯ ಭೂಮಿಯನ್ನು ಹುಡುಕಲು ಯಮಾಟೊ ಹೊರಡುತ್ತದೆ. ಈಗ ಕ್ಯಾಪ್ಟನ್ ಕೊಡಾಯಿಯೇ.

ಇಸ್ಕಂದರಿನ ಪಯಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಾರ್ಹ. ಅಲ್ಲಿ ಗುರಿ ಗೊತ್ತಿತ್ತು, ದೂರವೂ ಗೊತ್ತಿತ್ತು, ತಲುಪುವುದೊಂದೇ ಸಮಸ್ಯೆ. ಇಲ್ಲಿ ಗುರಿಯೇ ಗೊತ್ತಿಲ್ಲ. ಹುಡುಕಾಟದ ಕಥೆಗೆ ಜೀವಾಳವೆಂದರೆ ಸಿಗದಿರುವಿಕೆ. ಒಂದು ಗ್ರಹಕ್ಕೆ ಹೋಗಬೇಕು, ಆಸೆ ಹುಟ್ಟಬೇಕು, ಅದು ಆಗದೆಂದು ತಿಳಿಯಬೇಕು, ಮತ್ತೆ ಹೊರಡಬೇಕು. ಹೀಗೆ ಹತ್ತಾರು ಸಲ ಸೋತ ಮೇಲೆಯೇ ನೋಡುಗನಿಗೂ ನಾವಿಕರಿಗೂ ಆಯಾಸ ಒಂದೇ ಆಗುವುದು. ಮೊದಲ ಕಂತುಗಳನ್ನು ನೋಡಿದರೆ ಬರಹಗಾರರು ಈ ನಿಧಾನವನ್ನು ನಂಬಿಯೇ ಹೊರಟಿದ್ದರೆಂದು ತಿಳಿಯುತ್ತದೆ. ಆಲ್ಫಾ ನಕ್ಷತ್ರ, ಬರ್ನಾರ್ಡ್ ನಕ್ಷತ್ರ ಎಂದು ಸೂರ್ಯನ ನೆರೆಹೊರೆಯಲ್ಲೇ ಕಥೆ ತಂಗುತ್ತ ತಂಗುತ್ತ ಸಾಗುತ್ತದೆ. ಬೇರೆ ಬೇರೆ ದೇಶಗಳೂ ತಮ್ಮ ತಮ್ಮ ಶೋಧನೌಕೆಗಳನ್ನು ಕಳಿಸಿವೆ. ಬೋಲಾರಿನವರು ಕೈದಿಗಳನ್ನು ದುಡಿಸುವ ಗ್ರಹವೊಂದು ಎದುರಾಗುತ್ತದೆ. ಯುದ್ಧವನ್ನು ತೊರೆದ ಶಾಲ್ಬಾರ್ಟ್ ಎಂಬ ಲೋಕದ ಮೇಲೆ ನಂಬಿಕೆಯಿಟ್ಟು ಅದಕ್ಕಾಗಿ ಶಿಕ್ಷೆ ಅನುಭವಿಸುವ ಭಕ್ತರು ಸಿಗುತ್ತಾರೆ. ಒಂದೊಂದೂ ಹಲವು ಕಂತುಗಳಿಗೆ ಬೆಳೆಯಬಲ್ಲ ಬೀಜ.

ನಿರೀಕ್ಷಿಸಿದಷ್ಟು ನೋಡುಗರು ದೊರೆಯದೆ ಮಾಲಿಕೆಯನ್ನು ಅರ್ಧ ವರ್ಷಕ್ಕೆ ಮುಗಿಸುವುದೆಂದು ನಿಶ್ಚಯವಾಯಿತು. 52 ಹೋಗಿ 25 ಆಯಿತು. ದ್ವಿತೀಯಾರ್ಧದಲ್ಲಿ ಕಥೆಯ ನಡಿಗೆಯೇ ಬೇರೆ. ಭೂಮಿಯ ಪಡಿಯಚ್ಚಿನಂತಿರುವ ಗ್ರಹವೊಂದು ಕಾಣಿಸುತ್ತದೆ. ಅದು ನೋಡುವವರ ಮನಸ್ಸಿನ ಬಯಕೆಯನ್ನೇ ರೂಪವಾಗಿ ತೋರಿಸುವ ಒಂದು ಜೀವಂತ ಗ್ರಹವೆಂದು ತಿಳಿಯುತ್ತದೆ. ಮೋಸಹೋದೆನೆಂದು ಕೆರಳಿದ ಡೆಸ್ಲರ್ ಅದನ್ನು ಒಡೆದುಹಾಕುತ್ತಾನೆ. ಅದು ಸಾಯುವ ಮುನ್ನ ತನ್ನಲ್ಲಿ ಆಶ್ರಯ ಪಡೆದಿದ್ದ ಶಾಲ್ಬಾರ್ಟಿನ ರಾಜಕುಮಾರಿ ರೂಡಾಳನ್ನು ಯಮಾಟೊಗೆ ಒಪ್ಪಿಸುತ್ತದೆ. ಇಡೀ ಮಾಲಿಕೆಯ ಅತ್ಯಂತ ಕಾವ್ಯಮಯವಾದ ಕಲ್ಪನೆಯಿದು. ಮನೆಯನ್ನು ಹುಡುಕುತ್ತ ಹೊರಟವರಿಗೆ ಮನೆಯ ಭ್ರಮೆಯನ್ನು ಕಾಣಿಸುವ ಗ್ರಹ! ಬೇಡನೊಬ್ಬ ಮಾಯಾಮೃಗವನ್ನು ಬೆನ್ನಟ್ಟುವ ಕಥೆಗಳನ್ನು ಕೇಳಿ ಬೆಳೆದವರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಭ್ರಮೆಯಲ್ಲಿ ನೆಲೆಸಲು ಯಾರಿಗೂ ಬಿಡುವಿಲ್ಲ. ಅಲ್ಲಿಂದ ಶಾಲ್ಬಾರ್ಟಿಗೆ, ಶಾಲ್ಬಾರ್ಟಿನಿಂದ ನೇರ ಸೂರ್ಯನ ಬಳಿಗೆ. ಒಂದು ಕಾಲಕ್ಕೆ ನಕ್ಷತ್ರಮಂಡಲವನ್ನೇ ಗೆದ್ದು ಆಮೇಲೆ ಆಯುಧಗಳನ್ನು ಕೆಳಗಿಟ್ಟ ಶಾಲ್ಬಾರ್ಟಿನವರು ತಮ್ಮ ಹಳೆಯ ಉಗ್ರಾಣದಿಂದ ಸೂರ್ಯನನ್ನು ಶಮನಗೊಳಿಸಬಲ್ಲ ಒಂದು ಫಿರಂಗಿಯನ್ನು ತೆಗೆದುಕೊಡುತ್ತಾರೆ. ಎರಡನೆಯ ಭೂಮಿಯ ಹುಡುಕಾಟ ಅಲ್ಲಿಗೆ ಮುಗಿಯಿತು. ಹುಡುಕುವ ಅಗತ್ಯವನ್ನೇ ಕಥೆ ತೆಗೆದುಹಾಕಿತು. ಆಯುಧವನ್ನು ತ್ಯಜಿಸಿದವರಿಂದ ಉಪಕಾರ ದೊರೆತು ಲೋಕ ಉಳಿಯುವುದು ಚಿಂತಿಸಬೇಕಾದ ವಿಚಾರವೇ. ಆ ಚಿಂತನೆಗೆ ಸ್ಥಳ ಸಿಗಲಿಲ್ಲವೆಂಬುದಷ್ಟೇ ಕೊರತೆ.

ಘಟನೆಗಳ ನಷ್ಟಕ್ಕಿಂತ ದೊಡ್ಡ ನಷ್ಟ ಒಬ್ಬ ಹುಡುಗನಿಗಾಯಿತು. ಅವನ ಹೆಸರು ದೋಮೊನ್ ರ್ಯೂಸುಕೆ. ಸೂರ್ಯನಿಗೆ ಬಡಿದ ಆ ಕ್ಷಿಪಣಿಯೇ ಅವನ ತಂದೆತಾಯಿಯರಿದ್ದ ಪ್ರಯಾಣಿಕ ನೌಕೆಯನ್ನು ನಾಶಮಾಡಿತ್ತು. ಸೇಡಿನ ಬಿಸಿಯಲ್ಲಿ ಅವನು ಯಮಾಟೊ ಹತ್ತುತ್ತಾನೆ. ಯುದ್ಧದ ತುಕಡಿಯಲ್ಲಿ ತನಗೆ ಜಾಗ ಸಿಗುವುದೆಂದು ನಂಬಿರುತ್ತಾನೆ. ಕ್ಯಾಪ್ಟನ್ ಕೊಡಾಯಿ ಅವನನ್ನು ಹಾಕುವುದು ಅಡುಗೆ, ಊಟ, ಸಿಬ್ಬಂದಿಯ ಕ್ಷೇಮ ನೋಡಿಕೊಳ್ಳುವ ವಿಭಾಗಕ್ಕೆ. ಫಿರಂಗಿ ಹಿಡಿಯಬೇಕೆಂದು ಬಂದವನ ಕೈಗೆ ಸೌಟು. ಕೊಡಾಯಿಯೂ ಹಿಂದೆ ಇಂಥವನೇ ಆಗಿದ್ದ. ಗಮಿಲಾಸಿನ ಬಾಂಬಿಗೆ ತಂದೆತಾಯಿಯರನ್ನು ಕಳೆದುಕೊಂಡು, ಅಣ್ಣನ ಸಾವಿಗೆ ಓಕಿತಾನೇ ಕಾರಣವೆಂದು ಹಲ್ಲು ಕಡಿಯುತ್ತ ನೌಕೆ ಹತ್ತಿದ್ದವನು. ಆ ಸಿಟ್ಟು ಇಳಿದು ಮುದುಕನ ಮೇಲೆ ಮಗನ ಪ್ರೀತಿ ಮೂಡಲು ಒಂದು ಮಾಲಿಕೆಯೇ ಬೇಕಾಯಿತು. ಈಗ ಅದೇ ಕೊಡಾಯಿ ಓಕಿತಾನ ಕುರ್ಚಿಯಲ್ಲಿ ಕೂತು, ತನ್ನ ಹಿಂದಿನ ಸಿಟ್ಟನ್ನು ಎದುರಿಗೆ ಬೇರೊಬ್ಬನ ಮುಖದಲ್ಲಿ ನೋಡುತ್ತಾನೆ. ಇಡೀ ಯಮಾಟೊ ಪರಂಪರೆಯಲ್ಲಿ ಇದಕ್ಕಿಂತ ಮನುಷ್ಯ ಸಹಜವಾದ ಸನ್ನಿವೇಶ ಇನ್ನೊಂದಿಲ್ಲ.

ಅಂಥ ಹುಡುಗನ ಕಥೆಗೆ ಬೇಕಾದದ್ದು ಯುದ್ಧಗಳಲ್ಲ, ಊಟದ ಹೊತ್ತುಗಳು. ಯಾರಿಗೆ ಯಾವುದು ರುಚಿ, ಯಾರು ಯುದ್ಧದ ಮರುದಿನ ತಟ್ಟೆಯನ್ನು ಹಾಗೆಯೇ ಬಿಟ್ಟೆದ್ದರು, ಯಾರ ಜಾಗ ನಿನ್ನೆಯಿಂದ ಖಾಲಿಯಿದೆ ಎಂಬುದೆಲ್ಲ ಬಡಿಸುವವನಿಗೇ ಮೊದಲು ತಿಳಿಯುವುದು. ಅವನು ಆ ನೌಕೆಯ ಬದುಕನ್ನು ಕೆಳಗಿನಿಂದ ಕಲಿಯಬೇಕಿತ್ತು. 52 ಕಂತುಗಳ ಹರವಿನಲ್ಲಿ ಅದಕ್ಕೆ ಜಾಗವಿತ್ತು. 25ರಲ್ಲಿ ಅವನು ಬೇಗ ಬೇಗ ಪ್ರಬುದ್ಧನಾಗಬೇಕಾಯಿತು. ಮಾಲಿಕೆಯ ಕೊನೆಯ ಕಂತಿನಲ್ಲಿ, ಸೂರ್ಯನ ಎದುರಿನ ಯುದ್ಧದಲ್ಲಿ, ಆ ಫಿರಂಗಿಯನ್ನು ಸಜ್ಜುಗೊಳಿಸಲು ಹೋಗಿ ಅವನು ಸಾಯುತ್ತಾನೆ. ಅವನ ಗೆಳೆಯ, ಶ್ರೀಮಂತ ಮನೆತನದ ವಿಮಾನಚಾಲಕ ಅಗೆಹಾ ತಾಕೆಶಿಯೂ ಅದೇ ಕಂತಿನಲ್ಲಿ ತನ್ನ ಯುದ್ಧವಿಮಾನದೊಂದಿಗೆ ಇಲ್ಲವಾಗುತ್ತಾನೆ. ಇಬ್ಬರ ಸಾವೂ ನೋಡುಗನಿಗೆ ತಟ್ಟುವುದಿಲ್ಲವೆಂದಲ್ಲ. ಕೊಡಾಯಿ ಅಳುತ್ತಾನೆ, ಮಿಯಾಗಾವಾ ಹಿರೋಷಿಯವರ ಸಂಗೀತ ಎಂದಿನಂತೆ ಎದೆಗೆ ನಾಟುತ್ತದೆ. ಆದರೆ ಓಕಿತಾನ ಸಾವಿಗೆ ನೋಡುಗ ಅತ್ತದ್ದು ಸಂಗೀತದ ಬಲದಿಂದಲ್ಲ ಎಂಬುದು ಆಗ ನೆನಪಾಗುತ್ತದೆ. ಅಲ್ಲಿ 24 ಕಂತುಗಳ ಒಡನಾಟದ ಸಾಲವಿತ್ತು. ದೋಮೊನ್ ಸತ್ತಾಗ ನೋಡುಗನ ಮನಸ್ಸಿನಲ್ಲಿ ಮೊದಲು ಏಳುವುದು ದುಃಖವಲ್ಲ, ಇವನನ್ನು ಇನ್ನೂ ಸ್ವಲ್ಪ ತಿಳಿಯಬೇಕಾಗಿತ್ತು ಎಂಬ ಕಸಿವಿಸಿ.

ಗಡಿನಾಡಿನ ಓದುಗರಿಗೆ ಈ ಕಸಿವಿಸಿ ಬೇರೊಂದು ಹಾದಿಯಿಂದ ಪರಿಚಿತವಾಗಿರಬೇಕು. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ಬೆಳಗಾಗುವವರೆಗೆ ಆಡುತ್ತಿದ್ದ ಈ ನೆಲದಲ್ಲಿ ಈಗ ಕಾಲಮಿತಿಯ ಯಕ್ಷಗಾನವೇ ಹೆಚ್ಚು. ಅದರಲ್ಲಿ ತಪ್ಪು ಹುಡುಕುವುದು ಸುಲಭ, ಆದರೆ ನಿರರ್ಥಕ. ಮರುದಿನ ಕೆಲಸಕ್ಕೆ ಹೋಗುವವರಿಗೆ ಇಡೀ ರಾತ್ರಿಯ ಆಟವನ್ನು ನೋಡಲು ಸಾಧ್ಯವಿಲ್ಲ. ನೋಡುಗರೇ ಇಲ್ಲದ ಆಟ ಆಟವಲ್ಲ. ಕೆಲವು ಪ್ರಸಂಗಗಳಂತೂ ಕಾಲಮಿತಿಯಲ್ಲಿ ಹೆಚ್ಚು ಬಿಗಿಯಾಗಿ ಹೊಳೆಯುತ್ತವೆ. ಗಮನಿಸಬೇಕಾದದ್ದು ಮೊದಲು ಕತ್ತರಿ ಬೀಳುವುದು ಎಲ್ಲಿಗೆ ಎಂಬುದನ್ನು. ಯುದ್ಧ ಹೋಗುವುದಿಲ್ಲ, ಪ್ರಧಾನ ವೇಷದ ಅಬ್ಬರ ಹೋಗುವುದಿಲ್ಲ, ಕರ್ಣನ ಸಾವೂ ಹೋಗುವುದಿಲ್ಲ. ಹೋಗುವುದು ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳೆಂದು ಆಟದ ಮೊದಲ ಗಂಟೆಗಳಲ್ಲಿ ಬಂದು ಕುಣಿದು ಹೋಗುತ್ತಿದ್ದವರು ಹೆಚ್ಚಾಗಿ ಎಳೆಯ ಕಲಾವಿದರು. ಗೆಜ್ಜೆ ಕಟ್ಟಲು, ತಾಳಕ್ಕೆ ಹೆಜ್ಜೆ ಕೂಡಿಸಲು, ಭಾಗವತರ ಕಣ್ಣಿನ ಸನ್ನೆಯನ್ನು ಅರಿಯಲು ಅವರು ಕಲಿಯುತ್ತಿದ್ದದ್ದು ಅಲ್ಲಿಯೇ. ಯಮಾಟೊದ ಅಡುಗೆಮನೆಯೂ ಅಂಥದೇ ಒಂದು ಪೂರ್ವರಂಗವಾಗಿತ್ತು.

ಕಥೆಯನ್ನು ಕುಗ್ಗಿಸುವ ಒತ್ತಡ ಬಂದಾಗ ಬರಹಗಾರನ ಕೈ ಸಹಜವಾಗಿಯೇ ಅಂತ್ಯವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಂತ್ಯವಿಲ್ಲದೆ ಕಥೆ ಮುಗಿಸಲಾಗದಲ್ಲ. ನಡುವಿನದನ್ನು ಬಿಡುತ್ತಾನೆ, ಬಿಟ್ಟದ್ದು ಅಷ್ಟಾಗಿ ಕಾಣುವುದೂ ಇಲ್ಲ. ಎಲ್ಲ ಘಟನೆಗಳೂ ಇದ್ದಂತೆಯೇ ತೋರುತ್ತವೆ: ಹೊರಟರು, ಹುಡುಕಿದರು, ಸಿಕ್ಕಿತು, ಕಾದಾಡಿದರು, ಇಬ್ಬರು ಸತ್ತರು, ಲೋಕ ಉಳಿಯಿತು. ಸಾರಾಂಶ ಬರೆದರೆ 52ರದ್ದಕ್ಕೂ 25ರದ್ದಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ಪರೀಕ್ಷೆಗೆಂದು ಕಾವ್ಯಗಳ ಕಥಾಸಾರವನ್ನಷ್ಟೇ ಓದಿಕೊಳ್ಳುವ ವಿದ್ಯಾರ್ಥಿಗಳು ಇದನ್ನು ಸ್ವಲ್ಪ ಯೋಚಿಸಬಹುದು. ಗದುಗಿನ ಭಾರತದ ಕಥಾಸಾರದಲ್ಲಿ ಕರ್ಣ ಇದ್ದೇ ಇರುತ್ತಾನೆ, ಸಾಯುತ್ತಾನೆ ಕೂಡ. ಅವನಿಗಾಗಿ ಕರುಳು ಹಿಂಡುವಂತೆ ಮಾಡುವುದು ಮಾತ್ರ ಪದ್ಯದಿಂದ ಪದ್ಯಕ್ಕೆ ನಡೆದು ಬಂದ ಆ ದೀರ್ಘ ಒಡನಾಟ.

ಗದುಗಿನ ಭಾರತದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬಹುದು. ಕುಮಾರವ್ಯಾಸ ಬಿಟ್ಟಲ್ಲಿಂದ, ಶಾಂತಿಪರ್ವದಿಂದ ಮುಂದಕ್ಕೆ, ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಭಾರತವನ್ನು ಪೂರ್ತಿಗೊಳಿಸಿದ. ಬಾಣನ ಕಾದಂಬರಿಯನ್ನು ಅವನ ಮಗ ಮುಗಿಸಿದ. ನಿಂತ ಕಥೆಯನ್ನು ಮುಂದಿನವರು ಬಂದು ನಡೆಸುವುದು ಈ ನಾಡಿನ ಸಾಹಿತ್ಯಕ್ಕೆ ಅಪರಿಚಿತವಲ್ಲ. ಯಮಾಟೊ 3ಕ್ಕೆ ಹಾಗೆ ತತ್‌ಕ್ಷಣ ಯಾರೂ ಬರಲಿಲ್ಲ. 1983ರ ‘ಅಂತಿಮ ಯಮಾಟೊ’ ಅದನ್ನು ಮುಂದುವರಿಸುವುದಕ್ಕೆ ಬದಲು ಒರೆಸಿಹಾಕಿತು ಎನ್ನಬೇಕು: ಬೇರೊಂದು ಆಯಾಮದಿಂದ ಒಂದು ನಕ್ಷತ್ರಮಂಡಲವೇ ಬಂದು ಡಿಕ್ಕಿ ಹೊಡೆದು, ಅಷ್ಟು ಕಷ್ಟಪಟ್ಟು ಕಟ್ಟಿದ ಗಾಲ್ಮನ್-ಗಮಿಲಾಸ್ ಸಾಮ್ರಾಜ್ಯ ಚಿತ್ರದ ಆರಂಭದಲ್ಲೇ ಧ್ವಂಸವಾಗುತ್ತದೆ. ದೊಡ್ಡ ಹರವಿನ ರಾಜಕೀಯವನ್ನು ಬಿಡಿಸಿ ಹೇಳಲು ಯಾರಿಗೂ ತಾಳ್ಮೆ ಉಳಿದಿರಲಿಲ್ಲವೆಂದು ತೋರುತ್ತದೆ.

ತಿಮ್ಮಣ್ಣ ಕವಿಯ ಸರದಿ ಬಂದದ್ದು ಬಹಳ ತಡವಾಗಿ. 2012ರಿಂದ ಯಮಾಟೊವನ್ನು ಮೊದಲಿನಿಂದ ಹೊಸದಾಗಿ ಹೇಳುವ ಮಾಲಿಕೆಗಳು ಆರಂಭವಾದವು. ಮೊದಲ ಕಥೆ ‘2199’ ಎಂಬ ಹೆಸರಿನಲ್ಲಿ 26 ಕಂತುಗಳು. ವಿದಾಯದ ಕಥೆ ‘2202’ ಎಂಬ ಹೆಸರಿನಲ್ಲಿ ಮತ್ತೆ 26. ಈಗಿನ ಕ್ರಮ ಹಿಂದಿನಂತಲ್ಲ. ಕಂತುಗಳನ್ನು ಕೆಲಕೆಲವಾಗಿ ಕೂಡಿಸಿ ಮೊದಲು ಚಿತ್ರಮಂದಿರಗಳಲ್ಲಿ ತೋರಿಸುತ್ತಾರೆ. ಎಷ್ಟು ಕಂತು ಎಂಬುದು ಮುಂಚೆಯೇ ಗೊತ್ತಿರುತ್ತದೆ. ಮೂರನೆಯದಾಗಿ 2021ರ ಅಕ್ಟೋಬರಿನಲ್ಲೂ 2022ರ ಫೆಬ್ರವರಿಯಲ್ಲೂ ಎರಡು ಭಾಗಗಳಾಗಿ ಬಂದ ‘2205’ ಕೇವಲ 8 ಕಂತುಗಳದ್ದು. ಅದರ ಮುಖ್ಯ ಕಥೆ 1979ರ ಒಂದು ದೂರದರ್ಶನ ಚಿತ್ರದಿಂದ ಬಂದದ್ದಾದರೂ, ಬರೆದವರು ಮೂರನೆಯ ಮಾಲಿಕೆಯ ಉಗ್ರಾಣಕ್ಕೂ ಕೈಹಾಕಿದ್ದಾರೆ. ಬೋಲಾರ್ ಇದ್ದಾರೆ, ಗಾಲ್ಮನ್ ಗ್ರಹವನ್ನು ಅವರ ಹಿಡಿತದಿಂದ ಡೆಸ್ಲರ್ ಬಿಡಿಸುವುದೂ ಇದೆ. ಯಮಾಟೊಗೆ ಹೊಸದಾಗಿ ಬಂದು ಸೇರುವ ತರುಣರಲ್ಲಿ ಒಬ್ಬ ದೋಮೊನ್ ರ್ಯೂಸುಕೆ.

40 ವರ್ಷಗಳ ಹಿಂದೆ 25 ಕಂತುಗಳಲ್ಲಿ ಬದುಕಿ ಸತ್ತವನಿಗೆ ಈ ಸಲ ಸಿಕ್ಕಿದ್ದು ಎಂಟೇ ಕಂತು. ಆದರೂ ಅವನ ಭಾರ ಕಡಿಮೆಯಾಗಿಲ್ಲ, ಹೆಚ್ಚಿದೆ. ಕಥೆಯ ಬಹುಭಾಗವನ್ನು ಹೊಸಬರ ಕಣ್ಣಿನಿಂದಲೇ ನೋಡಿಸುವುದೆಂದು ಬರಹಗಾರರು ಮೊದಲೇ ನಿಶ್ಚಯಿಸಿಕೊಂಡಿದ್ದಾರೆ. ಆದ್ದರಿಂದ ಕೊಡಾಯಿಯ ಎದುರು ಅವನು ಸಿಟ್ಟಿನಿಂದ ನಿಲ್ಲುವುದಕ್ಕೂ ಆ ಸಿಟ್ಟು ನಿಧಾನವಾಗಿ ಬೇರೆ ಏನೋ ಆಗುವುದಕ್ಕೂ ಈ ಚಿಕ್ಕ ಹರವಿನಲ್ಲೇ ಎಡೆ ದೊರೆತಿದೆ. ಎಂಟನೆಯ ಕಂತು ಮುಗಿದಾಗ ಅವನು ಸತ್ತಿರುವುದಿಲ್ಲ. 2024ರ ಜುಲೈಯಿಂದ ಜಪಾನಿನ ಚಿತ್ರಮಂದಿರಗಳಲ್ಲಿ ಅಧ್ಯಾಯ ಅಧ್ಯಾಯವಾಗಿ ಬರತೊಡಗಿದ ಮುಂದಿನ ಮಾಲಿಕೆಯ ಹೆಸರು ‘3199’; ಏಳು ಅಧ್ಯಾಯ, 26 ಕಂತು ಎಂದು ಮೊದಲೇ ಸಾರಿದ್ದಾರೆ. ದೋಮೊನ್ ಅದರಲ್ಲೂ ಇದ್ದಾನೆ.